ಹಳೇ ವಾಲ್ವ್ ಪ್ರಿಆಂಪ್: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಏನು ಬದಲಿಸಬೇಕು

ಹಳೇ ವಾಲ್ವ್ ಪ್ರಿಆಂಪ್ ಕೊಂಡವರಲ್ಲಿ ತುಂಬಾ ಜನ ಮೊದಲು ದುಡ್ಡು ಸುರಿಯುವುದು ವಾಲ್ವ್‌ಗಳ ಮೇಲೆ, ಅಂದರೆ ಸಿಗ್ನಲ್ ದೊಡ್ಡದು ಮಾಡುವ ಗಾಜಿನ ಕೊಳವೆಗಳ ಮೇಲೆ. ಪೆಟ್ಟಿಗೆ ಮನೆಗೆ ಬಂದ ವಾರದಲ್ಲೇ ಹೆಸರಾಂತ ಹಳೇ ಬ್ರ್ಯಾಂಡ್‌ಗಳಾದ ಟೆಲಿಫಂಕನ್ ಬೇಕು, ಮುಲ್ಲಾರ್ಡ್ ಬೇಕು ಎಂದು ಹುಡುಕಾಟ ಶುರುವಾಗುತ್ತದೆ. ನನ್ನ ಪ್ರಕಾರ ಈ ಲೆಕ್ಕ ತಲೆಕೆಳಗು. ಅರವತ್ತು ವರ್ಷ ಹಳೆಯ ಯಂತ್ರದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವ ಭಾಗ ಎಷ್ಟೋ ಸಲ ವಾಲ್ವೇ ಆಗಿರುತ್ತದೆ. ಒಣಗಿರುವುದು ಕೆಪಾಸಿಟರ್. ದಣಿದಿರುವುದು ಎಸಿಯನ್ನು ಡಿಸಿ ಮಾಡುವ ಸೆಲೆನಿಯಂ ರೆಕ್ಟಿಫೈಯರ್. ರೆಸಿಸ್ಟರ್‌ಗಳ ಓಮ್ ಅಳತೆಯೂ ದಾರಿ ತಪ್ಪಿರುತ್ತದೆ. ಅವನ್ನು ಸರಿ ಮಾಡದೆ ಎಷ್ಟು ದುಬಾರಿ ವಾಲ್ವ್ ಚುಚ್ಚಿದರೂ ಅದು ತನ್ನ ನಿಜವಾದ ಕೆಲಸ ತೋರಿಸಲಾರದು.

ಪ್ರಿಆಂಪ್ ಮಾಡುವ ಕೆಲಸ ಏನು ಅನ್ನೋದನ್ನು ಮೊದಲು ನೋಡೋಣ. ರೆಕಾರ್ಡ್ ಪ್ಲೇಯರ್‌ನ ಮುಳ್ಳಿನಿಂದ ಬರುವ ಸಿಗ್ನಲ್ ತುಂಬಾ ಸಣ್ಣದು. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಸ್ಪೀಕರ್ ಓಡಿಸುವ ಪವರ್ ಆಂಪ್‌ಗೆ ಬೇಕಾಗಿರುವುದು ಸುಮಾರು ಒಂದು ವೋಲ್ಟ್. ಈ ಅಂತರವನ್ನು ತುಂಬುವುದು ಪ್ರಿಆಂಪ್‌ನ ಮೊದಲ ಕೆಲಸ.

ಎರಡನೆಯ ಕೆಲಸ ಸ್ವಲ್ಪ ಸೂಕ್ಷ್ಮ. ಎಲ್‌ಪಿ ರೆಕಾರ್ಡ್‌ನ ಗೆರೆ ಕತ್ತರಿಸುವಾಗ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕತ್ತರಿಸುತ್ತಾರೆ. ಬಾಸ್ ತಗ್ಗಿಸದಿದ್ದರೆ ಗೆರೆಗಳು ತೀರಾ ಅಗಲವಾಗಿ ಒಂದು ಬದಿಗೆ ಹಿಡಿಸುವ ಹಾಡು ಕಡಿಮೆಯಾಗುತ್ತದೆ. ಟ್ರೆಬಲ್ ಏರಿಸಿದರೆ ನುಡಿಸುವಾಗ ಕರಕರ ಸದ್ದು ತಗ್ಗುತ್ತದೆ. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಒಕ್ಕೂಟ ಇದಕ್ಕೊಂದು ಒಂದೇ ಅಳತೆ ಗೊತ್ತು ಮಾಡಿತು. ಅದೇ ಆರ್‌ಐಎಎ ಕರ್ವ್. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ತಗ್ಗು, 20,000 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಏರು. ಪ್ರಿಆಂಪ್‌ನಲ್ಲಿ ರೆಕಾರ್ಡ್ ಪ್ಲೇಯರ್‌ನ ಸಿಗ್ನಲ್ ನೋಡಿಕೊಳ್ಳುವ ಫೋನೊ ಭಾಗ ಇದನ್ನು ಕರಾರುವಾಕ್ಕಾಗಿ ಉಲ್ಟಾ ಮಾಡಬೇಕು. ಆ ಕರ್ವ್ ಕೂರುವುದು ಕೆಲವೇ ಕೆಲವು ರೆಸಿಸ್ಟರ್, ಕೆಪಾಸಿಟರ್‌ಗಳ ಮೇಲೆ. ಎಡ ಚಾನೆಲ್‌ನಲ್ಲಿ ಒಂದು ರೆಸಿಸ್ಟರ್ ಶೇಕಡಾ 20 ಏರಿ, ಬಲದಲ್ಲಿ ಸರಿಯಾಗಿಯೇ ಇದ್ದರೆ ಎರಡು ಸ್ಪೀಕರ್‌ಗಳಲ್ಲಿ ಎರಡು ಬಣ್ಣದ ದನಿ ಬರುತ್ತದೆ. ಹಾಡುವವರು ನಡುವೆ ನಿಲ್ಲದೆ ಒಂದು ಕಡೆಗೆ ಸರಿದ ಹಾಗೆ ಕೇಳುತ್ತದೆ.

ಇಲ್ಲಿ ಒಂದು ಯಂತ್ರವನ್ನು ಹಿಡಿದುಕೊಂಡು ಮಾತಾಡಿದರೆ ಎಲ್ಲವೂ ಸುಲಭ. ನಾನು ಆರಿಸಿಕೊಳ್ಳುವುದು ಡೈನಾಕೊ ಪಿಎಎಸ್-3.

ಡೇವಿಡ್ ಹಾಫ್ಲರ್ ಮತ್ತು ಎಡ್ ಲಾರೆಂಟ್ 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಡೈನಾಕೊ ಶುರು ಮಾಡಿದರು. ಅವರ ಉದ್ದೇಶ ಸರಳ. ಒಳ್ಳೆಯ ಆಡಿಯೊ ದುಡ್ಡಿದ್ದವರಿಗಷ್ಟೇ ಸೀಮಿತ ಆಗಬಾರದು. ಅದಕ್ಕೇ ಯಂತ್ರವನ್ನು ಕಿಟ್ ಆಗಿ ಮಾರಿದರು. ಬಿಡಿಭಾಗ, ತಂತಿ, ಬೆಸುಗೆ ಹಾಕುವ ಕ್ರಮ ಹೇಳುವ ಪುಸ್ತಕ, ಎಲ್ಲಾ ಒಂದು ಡಬ್ಬದಲ್ಲಿ. ಕೊಂಡವರು ಮನೆಯ ಮೇಜಿನ ಮೇಲೆ ಜೋಡಿಸಿಕೊಂಡರು. 1960ರ ಸುಮಾರಿಗೆ ಪಿಎಎಸ್-2 ಬಂತು, ಅದರ ಹಿಂದೆ ಪಿಎಎಸ್-3, 1960ರ ದಶಕದ ನಡುವೆ ಪಿಎಎಸ್-3ಎಕ್ಸ್. ಮೊದಲ ಎರಡರ ನಡುವೆ ವ್ಯತ್ಯಾಸ ಇರುವುದು ಮುಖ್ಯವಾಗಿ ಮುಂಭಾಗದ ಹಲಗೆ ಮತ್ತು ಗುಬಟುಗಳಲ್ಲಿ. 3ಎಕ್ಸ್‌ನಲ್ಲಿ ಟೋನ್ ಕಂಟ್ರೋಲ್ ತಿದ್ದಿದ್ದಾರೆ: ಗುಬಟು ನಡುವೆ ನಿಂತಾಗ ಬಾಸ್, ಟ್ರೆಬಲ್ ಎರಡೂ ಸಿಗ್ನಲ್ ದಾರಿಯಿಂದ ಆಚೆ ಸರಿಯುತ್ತವೆ. ಪಿಎಎಸ್-3, 3ಎಕ್ಸ್ ಎರಡೂ ಒಂದೇ ಸ್ಥಿತಿಯಲ್ಲಿ ಸಿಕ್ಕರೆ 3ಎಕ್ಸ್ ತೆಗೆದುಕೊಳ್ಳಿ.

ಒಳಗೆ ನಾಲ್ಕು 12ಎಎಕ್ಸ್7 ವಾಲ್ವ್‌ಗಳಿವೆ. ಯುರೋಪಿನ ಹೆಸರು ಇಸಿಸಿ83. ಎರಡು ಫೋನೊಗೆ, ಎರಡು ಲೈನ್ ಭಾಗಕ್ಕೆ, ಅಂದರೆ ಟ್ಯೂನರ್‌ನಂಥ ಉಳಿದ ಯಂತ್ರಗಳ ಸಿಗ್ನಲ್ ಮತ್ತು ಫೋನೊದಿಂದ ಬಂದದ್ದು ಹಾದುಹೋಗುವ ಭಾಗಕ್ಕೆ. ಐದನೆಯದು 12ಎಕ್ಸ್4, ರೆಕ್ಟಿಫೈಯರ್. ಪಿಸಿ-5 ಎಂಬ ಬೋರ್ಡ್ ಫೋನೊದ್ದು, ಪಿಸಿ-6 ಲೈನ್‌ದು. ವಿನ್ಯಾಸ ಇಷ್ಟು ಬಿಡಿ ಬಿಡಿಯಾಗಿರುವುದರಿಂದಲೇ ಕಲಿಯುವವರಿಗೆ ಇದು ಹೇಳಿ ಮಾಡಿಸಿದ್ದು. ತುಂಬಾ ಸಂಖ್ಯೆಯಲ್ಲಿ ಮಾರಾಟ ಆದದ್ದರಿಂದ ಇವತ್ತಿಗೂ ಸಿಗುತ್ತದೆ. ಬದಲಿ ಬೋರ್ಡ್‌ಗಳನ್ನೂ ಹೊಸದಾಗಿ ಮಾಡಿ ಮಾರುವವರಿದ್ದಾರೆ.

ಅದೇ ಕಾಲದ ಮರಾಂಟ್ಜ್ 7, ಮೆಕಿಂಟಾಷ್ ಸಿ22 ಇವುಗಳ ದಾರಿಯೇ ಬೇರೆ. ಅವು ಈಗ ಸಂಗ್ರಹಕಾರರ ವಸ್ತು. 1990ರ ದಶಕದಲ್ಲಿ ಎರಡೂ ಕಂಪನಿಗಳು ಅವನ್ನು ಮತ್ತೆ ತಯಾರಿಸಿ ಮಾರಿದವು ಅಂದರೆ ಬೇಡಿಕೆ ಊಹಿಸಿಕೊಳ್ಳಿ. ಮರಾಂಟ್ಜ್ 7ರ ಮೂಲ ಬಿಡಿಭಾಗ ಕಿತ್ತು ಬಿಸಾಡಿದರೆ ಅದರ ಬೆಲೆಯೂ ಇಳಿಯುತ್ತದೆ, ಚರಿತ್ರೆಯೂ ಹೋಗುತ್ತದೆ. ಅದನ್ನು ನುರಿತವರ ಕೈಗೆ ಕೊಟ್ಟು, ತೆಗೆದ ಪ್ರತಿಯೊಂದು ಭಾಗವನ್ನೂ ಚೀಲದಲ್ಲಿ ಹಾಕಿ ಇಟ್ಟುಕೊಳ್ಳಬೇಕು. ಪಿಎಎಸ್-3 ಹಾಗಲ್ಲ. ಅದು ಹುಟ್ಟಿದ್ದೇ ಜನರ ಕೈಯಲ್ಲಿ, ತಿದ್ದಿಸಿಕೊಳ್ಳುವುದು ಅದಕ್ಕೆ ಹೊಸದಲ್ಲ.

ಇಂಗ್ಲೆಂಡಿನ ಯಂತ್ರ ನೋಡುತ್ತಿದ್ದರೆ ಒಂದು ಎಚ್ಚರಿಕೆ. ಕ್ವಾಡ್ 22 ಮತ್ತು ಲೀಕ್ ವಾರಿಸ್ಲೋಪ್ ಪ್ರಿಆಂಪ್‌ಗಳಲ್ಲಿ ಸ್ವಂತ ಪವರ್ ಸಪ್ಲೈ ಇಲ್ಲ. ಅದೇ ಕಂಪನಿಯ ಪವರ್ ಆಂಪ್‌ನಿಂದ ದಪ್ಪ ಕೇಬಲ್ ಮೂಲಕ ಕರೆಂಟ್ ಪಡೆಯುತ್ತವೆ. ಜೋಡಿ ಇಲ್ಲದೆ ಪ್ರಿಆಂಪ್ ಒಂದನ್ನೇ ಕೊಂಡರೆ ಪ್ರತ್ಯೇಕ ಸಪ್ಲೈ ಕಟ್ಟಿಸಬೇಕಾಗುತ್ತದೆ.

ಕೊಳ್ಳುವಾಗ

ಬದಲಿಸಲು ಬರುವ ಭಾಗಗಳು ಹಾಳಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬದಲಿಸಲು ಬಾರದ ಭಾಗಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಕೆಪಾಸಿಟರ್, ರೆಸಿಸ್ಟರ್, ವಾಲ್ವ್ ಎಲ್ಲಾ ಅಂಗಡಿಯಲ್ಲಿ ಸಿಗುತ್ತವೆ. ಪವರ್ ಟ್ರಾನ್ಸ್‌ಫಾರ್ಮರ್, ಸೆಲೆಕ್ಟರ್ ಸ್ವಿಚ್, ಮುಂಭಾಗದ ಹಲಗೆ ಮೊದಲಿನಂಥದ್ದೇ ಸಿಗುವುದು ಕಷ್ಟ. ವಾಲ್ಯೂಮ್ ಪಾಟ್ (ಗುಬಟಿನ ಹಿಂದೆ ತಿರುಗುವ ರೆಸಿಸ್ಟರ್) ಕರಕರ ಅಂದರೆ ಕಾಂಟಾಕ್ಟ್ ಕ್ಲೀನರ್ ಹಾಕಿ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸ್ವಿಚ್‌ನ ತೆಳು ಹಲಗೆಯೇ ಬಿರುಕು ಬಿಟ್ಟಿದ್ದರೆ ಸರಿಹೋಗುವುದಿಲ್ಲ.

ಮಾರುವವರಿಂದ ಕೆಳಮುಚ್ಚಳ ತೆಗೆದ ಫೋಟೊ ಕೇಳಿ. ಕೇಳಿದರೂ ಕೊಡದಿದ್ದರೆ ಬಿಟ್ಟುಬಿಡಿ. ಫೋಟೊದಲ್ಲಿ ನೋಡಬೇಕಾದ್ದು ಸುಟ್ಟ ಕಪ್ಪು ಕಲೆ, ಟ್ರಾನ್ಸ್‌ಫಾರ್ಮರ್‌ನಿಂದ ಸೋರಿದ ಮೇಣ, ಊದಿಕೊಂಡ ಕೆಪಾಸಿಟರ್, ಎತ್ತಿಕೊಂಡು ನಿಂತ ಬೋರ್ಡ್ ಪಟ್ಟಿಗಳು. ಕಿಟ್ ಆದ್ದರಿಂದ ಬೆಸುಗೆಯನ್ನೂ ನೋಡಲೇಬೇಕು. ಒಂದೊಂದು ಪಿಎಎಸ್-3 ಒಬ್ಬೊಬ್ಬರ ಕೈಗೆಲಸ. ಕೆಲವರು ಗಡಿಯಾರ ರಿಪೇರಿಯವರ ಹಾಗೆ ನಾಜೂಕಾಗಿ ಮಾಡಿದ್ದಾರೆ. ಕೆಲವದರಲ್ಲಿ ಬೆಸುಗೆ ಕರಗದೆ ಉಂಡೆಯಾಗಿ ಕೂತಿರುತ್ತದೆ, ತಂತಿ ಅಲ್ಲಾಡುತ್ತದೆ.

"ಆನ್ ಆಗುತ್ತೆ, ಲೈಟ್ ಬರುತ್ತೆ" ಅನ್ನೋ ಮಾತಿಗೆ ಬೆಲೆ ಕೊಡಬೇಡಿ. ಅದರಿಂದ ತಿಳಿಯುವುದು ಬಲ್ಬ್ ಸರಿ ಇದೆ ಎಂಬುದಷ್ಟೇ. ಎರಡೂ ಚಾನೆಲ್ ಹಾಡುತ್ತವೆಯೇ, ಫೋನೊ ಕೆಲಸ ಮಾಡುತ್ತದೆಯೇ, ಯಾರಾದರೂ ಹಿಂದೆ ರಿಪೇರಿ ಮಾಡಿದ್ದಾರೆಯೇ ಎಂದು ಬಿಡಿಸಿ ಕೇಳಿ. ಅಮೆರಿಕದಿಂದ ತರಿಸುವುದಾದರೆ ವಾಲ್ವ್‌ಗಳನ್ನು ಕಿತ್ತು ಬೇರೆ ಸುತ್ತಿ ಕಳಿಸಲು ಹೇಳಿ. ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿದ ಮೇಲೆ ಬರುವ ಮೊತ್ತವನ್ನೇ ಅದರ ಬೆಲೆ ಎಂದುಕೊಳ್ಳಿ.

230 ವೋಲ್ಟ್‌ನ ಪ್ರಶ್ನೆ

ಅಮೆರಿಕದ ಯಂತ್ರ 117 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟ್ ಇಳಿಸಲು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಹರ್ಟ್ಸ್ ವ್ಯತ್ಯಾಸವನ್ನು ಮಾತ್ರ ಮರೆಯುತ್ತಾರೆ. ಹರ್ಟ್ಸ್ ಕಡಿಮೆ ಆದರೆ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಮೇಲೆ ಹೊರೆ ಜಾಸ್ತಿ ಆಗಿ ಅದು ಬಿಸಿಯಾಗುತ್ತದೆ. 120 ವೋಲ್ಟ್ ಕೊಟ್ಟರೆ ಆ ಹೊರೆ ಮೂಲ ಲೆಕ್ಕಕ್ಕಿಂತ ಸುಮಾರು ಶೇಕಡಾ 23 ಜಾಸ್ತಿ. 110 ವೋಲ್ಟ್ ಕೊಟ್ಟರೆ ಸುಮಾರು ಶೇಕಡಾ 13. ಆಗ ವಾಲ್ವನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್‌ಗೆ ಸಿಗುವ ವೋಲ್ಟ್ ಸುಮಾರು ಶೇಕಡಾ 6 ಇಳಿಯುತ್ತದೆ, ಅದನ್ನು ವಾಲ್ವ್ ತಡೆದುಕೊಳ್ಳುತ್ತದೆ. ಅದಕ್ಕೇ 110 ವೋಲ್ಟ್‌ನ ಸ್ಟೆಪ್-ಡೌನ್ ತೆಗೆದುಕೊಳ್ಳಿ. ಎರಡು ಸುರುಳಿ ಬೇರೆ ಬೇರೆ ಇರುವ ಐಸೊಲೇಷನ್ ಮಾದರಿ ಆದರೆ ಇನ್ನೂ ಒಳ್ಳೆಯದು. ಒಂದೆರಡು ಗಂಟೆ ಹಾಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಡಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಹಾಗೆ ಓಡಿಸಬೇಡಿ.

ಇನ್ನೊಂದು ವಿಷಯ. ಆ ಕಾಲದ ಪ್ರಿಆಂಪ್‌ಗಳ ಬೆನ್ನಿಗೆ ಬೇರೆ ಯಂತ್ರಗಳಿಗೆಂದು ಕರೆಂಟ್ ಸಾಕೆಟ್‌ಗಳಿರುತ್ತವೆ. ಅಲ್ಲಿ ಬರುವುದು 110 ವೋಲ್ಟ್. ಅದಕ್ಕೆ ನಮ್ಮ 230 ವೋಲ್ಟ್‌ನ ಯಾವುದನ್ನೂ ಸಿಕ್ಕಿಸಬೇಡಿ. ಎರಡು ಪಿನ್ನಿನ ಹಳೇ ವಯರನ್ನು ತೆಗೆಸಿ, ಅರ್ತ್ ಇರುವ ಮೂರು ಪಿನ್ ವಯರ್ ಮತ್ತು ಸರಿಯಾದ ಫ್ಯೂಸ್ ಹಾಕಿಸಿ. ಇದು ದನಿಯ ಸುಧಾರಣೆ ಅಲ್ಲ, ಆದರೂ ನನ್ನ ಪಟ್ಟಿಯಲ್ಲಿ ಮೊದಲನೆಯದು.

ಮೊದಲ ಸಲ ಆನ್ ಮಾಡುವುದು

ವರ್ಷಗಟ್ಟಲೆ ಮಲಗಿದ್ದ ಯಂತ್ರವನ್ನು ನೇರವಾಗಿ ಪ್ಲಗ್‌ಗೆ ಹಾಕಬಾರದು. ನಮ್ಮ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸೀರೀಸ್ ಬೋರ್ಡ್ ಇರುತ್ತದೆ, ಅಲ್ವಾ? ಅದೇ ಇಲ್ಲಿ ಬೇಕಾದ್ದು. ಸ್ಟೆಪ್-ಡೌನ್‌ಗಿಂತ ಹಿಂದೆ, 230 ವೋಲ್ಟ್ ಕಡೆ, 40 ಅಥವಾ 60 ವ್ಯಾಟ್‌ನ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸದ್ಯಕ್ಕೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಡಿಮ್ಮರ್‌ಸ್ಟಾಟ್ ಇಟ್ಟುಕೊಂಡು ನಿಧಾನಕ್ಕೆ ವೋಲ್ಟ್ ಏರಿಸುವ ಪದ್ಧತಿಯೂ ಇದೆ. ವಾಲ್ವ್ ರೆಕ್ಟಿಫೈಯರ್ ಇರುವ ಯಂತ್ರದಲ್ಲಿ ಅದು ಅಂದುಕೊಂಡ ಹಾಗೆ ಕೆಲಸ ಮಾಡುವುದಿಲ್ಲ. 12ಎಕ್ಸ್4 ಸಾಕಷ್ಟು ಬಿಸಿಯಾಗುವ ತನಕ ಹೈ ವೋಲ್ಟೇಜ್ ಬರುವುದೇ ಇಲ್ಲ. ಬಂದಾಗ ಒಮ್ಮೆಗೇ ಏರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಪೆಟ್ಟಿಗೆಯ ಒಳಗೆ 300 ವೋಲ್ಟ್ ಆಸುಪಾಸಿನ ಡಿಸಿ ಓಡಾಡುತ್ತದೆ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದಿರಬಹುದು. ಮುಚ್ಚಳ ತೆಗೆದ ಮೇಲೆ ಮೊದಲು ಮಲ್ಟಿಮೀಟರ್‌ನಿಂದ ಅಳೆಯಿರಿ. ಉಳಿದಿದ್ದರೆ ಚೆನ್ನಾಗಿ ಇನ್ಸುಲೇಟ್ ಆದ ಕ್ಲಿಪ್‌ಗಳಿರುವ ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ವಾಲ್ವ್ ಯಂತ್ರದ ಅನುಭವ ಇಲ್ಲದವರು ಒಳಗೆ ಕೈ ಹಾಕಲೇಬಾರದು. ಹಳೇ ವಾಲ್ವ್ ರೇಡಿಯೊ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್‌ಗಳು ಈಗಲೂ ಊರೂರಲ್ಲಿ ಒಬ್ಬೊಬ್ಬರು ಸಿಗುತ್ತಾರೆ. ಸರ್ಕ್ಯೂಟ್ ನಕ್ಷೆ ಪ್ರಿಂಟ್ ಹಾಕಿ ಅವರ ಮುಂದಿಟ್ಟರೆ ಪಿಎಎಸ್-3 ಅವರಿಗೆ ಹೊಸ ಭಾಷೆ ಅನ್ನಿಸುವುದಿಲ್ಲ.

ಮೊದಲು ಪವರ್ ಸಪ್ಲೈ

ಹಳೇ ಪ್ರಿಆಂಪ್‌ನಲ್ಲಿ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಇಲ್ಲಿದೆ. ರೆಕ್ಟಿಫೈಯರ್‌ನಿಂದ ಬರುವ ಕರೆಂಟ್ ಒಂದೇ ಸಮ ಇರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ನೀರು ಬಿಟ್ಟು ಬಿಟ್ಟು ಬಂದರೂ ಮೇಲಿನ ಟ್ಯಾಂಕ್ ಇದ್ದರೆ ಮನೆಯ ನಲ್ಲಿಯಲ್ಲಿ ಒಂದೇ ಸಮ ಸುರಿಯುತ್ತದಲ್ಲ, ಫಿಲ್ಟರ್ ಕೆಪಾಸಿಟರ್ ಮಾಡುವುದು ಅದನ್ನೇ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಒಳಗಿನ ದ್ರವ ದಶಕಗಳಲ್ಲಿ ಒಣಗುತ್ತದೆ. ಹಿಡಿಯುವ ಶಕ್ತಿ ಇಳಿಯುತ್ತದೆ, ಸೋರಿಕೆ ಏರುತ್ತದೆ. ಪಿಎಎಸ್‌ನಲ್ಲಿ ಒಂದೇ ಅಲ್ಯುಮಿನಿಯಂ ಡಬ್ಬಿಯೊಳಗೆ ನಾಲ್ಕು ಕೆಪಾಸಿಟರ್‌ಗಳು ಕೂತಿವೆ. ಅಂಥ ಡಬ್ಬಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವುದು ಕಷ್ಟ, ವಿದೇಶದಿಂದ ತರಿಸಬೇಕು. ಆದರೆ 450 ವೋಲ್ಟ್‌ನ ಬಿಡಿ ಕೆಪಾಸಿಟರ್‌ಗಳು ಅಲ್ಲೇ ಸಿಗುತ್ತವೆ. ಹಳೇ ಡಬ್ಬಿಯ ಸಂಪರ್ಕ ತಪ್ಪಿಸಿ, ಕೆಳಗೆ ಹೊಸವನ್ನು ಕೂರಿಸಬಹುದು. ದಯವಿಟ್ಟು ಹಳೇದಕ್ಕೆ ಸಮಾನಾಂತರವಾಗಿ ಹೊಸದನ್ನು ಸುಮ್ನೆ ಸೇರಿಸಬೇಡಿ. ಸೋರುವ ಹಳೇದು ಹಾಗೆಯೇ ಸೋರುತ್ತಿರುತ್ತದೆ.

ಮುಂದಿನದು ಸೆಲೆನಿಯಂ ರೆಕ್ಟಿಫೈಯರ್. ಪಿಎಎಸ್‌ನಲ್ಲಿ ಇದು ವಾಲ್ವ್‌ಗಳ ಹೀಟರ್‌ಗೆ ಡಿಸಿ ಒದಗಿಸುತ್ತದೆ. ಎಸಿ ಕೊಟ್ಟಿದ್ದರೆ ಫೋನೊದಲ್ಲಿ ಗುಂಯ್‌ಗುಡುವ ಅಪಾಯ ಇತ್ತು. ಸೆಲೆನಿಯಂ ವಯಸ್ಸಾದಂತೆ ತನ್ನೊಳಗೇ ಜಾಸ್ತಿ ವೋಲ್ಟ್ ನುಂಗುತ್ತದೆ. ಸುಟ್ಟರೆ ಕೊಳೆತ ವಾಸನೆಯ ವಿಷದ ಹೊಗೆ ಬರುತ್ತದೆ. ಹಾಗಾಗಿ ಕೆಲಸ ಮಾಡುತ್ತಿದ್ದರೂ ತೆಗೆದುಹಾಕಿ, ಸಿಲಿಕಾನ್ ಡಯೋಡ್ ಹಾಕಿಸಿ. ಒಂದು ಸೂಕ್ಷ್ಮ ಇದೆ. ಸಿಲಿಕಾನ್ ಒಂದು ವೋಲ್ಟ್‌ನಷ್ಟೇ ನುಂಗುವುದರಿಂದ ಹೀಟರ್‌ಗೆ ಹೋಗುವ ವೋಲ್ಟ್ ಏರುತ್ತದೆ. 12ಎಎಕ್ಸ್7ರ ಪಿನ್ 4 ಮತ್ತು 5ರ ನಡುವೆ ಅಳೆದರೆ 12.6 ವೋಲ್ಟ್ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಸೀರೀಸ್‌ನಲ್ಲಿ ಒಂದು ರೆಸಿಸ್ಟರ್ ಹಾಕಿ ಇಳಿಸಬೇಕು. ಇದನ್ನು ಅಳೆಯದೆ ಬಿಟ್ಟರೆ ಒಳ್ಳೆಯ ವಾಲ್ವ್‌ಗಳ ಆಯಸ್ಸು ಸುಮ್ಮನೆ ಕರಗುತ್ತದೆ.

ಕಪ್ಲಿಂಗ್ ಕೆಪಾಸಿಟರ್

ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಹಾಡು ಹೋಗಬೇಕು, ಮೊದಲ ವಾಲ್ವ್‌ನ ಡಿಸಿ ಹೋಗಬಾರದು. ಆ ಬಾಗಿಲು ಕಾಯುವುದು ಕಪ್ಲಿಂಗ್ ಕೆಪಾಸಿಟರ್. ಹಳೇ ಕಾಗದದ ಕೆಪಾಸಿಟರ್‌ಗಳು ತೇವ ಹೀರಿ ಡಿಸಿ ಸೋರಿಸುತ್ತವೆ. ಸೋರಿದ ಡಿಸಿ ಮುಂದಿನ ವಾಲ್ವ್‌ಗೆ ಸಿಗ್ನಲ್ ಹೊಗುವ ಜಾಗವಾದ ಗ್ರಿಡ್‌ಗೆ ತಾಗಿ, ಆ ವಾಲ್ವ್ ಕೆಲಸ ಮಾಡಬೇಕಾದ ವೋಲ್ಟ್‌ನಿಂದ ಸರಿಯುತ್ತದೆ. ದನಿ ಒಡಕಾಗುತ್ತದೆ. ಜನ ಆಗ ವಾಲ್ವ್ ಹಾಳಾಗಿದೆ ಎಂದು ವಾಲ್ವ್ ಬದಲಿಸುತ್ತಾರೆ. ಮರಾಂಟ್ಜ್ 7ರಲ್ಲಿದ್ದ ಸ್ಪ್ರಾಗ್ ಕಂಪನಿಯ ಬಣ್ಣದ ಪಟ್ಟೆಗಳ ಬಂಬಲ್‌ಬೀ ಕೆಪಾಸಿಟರ್‌ಗೆ ಇವತ್ತಿಗೂ ಭಕ್ತರಿದ್ದಾರೆ. ಸೋರುವ ಕೆಪಾಸಿಟರ್‌ನಲ್ಲಿ ಮಾಧುರ್ಯ ಹುಡುಕುವುದು ನನಗೆ ಒಪ್ಪಿಗೆ ಇಲ್ಲ. ಒಳ್ಳೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, 400 ವೋಲ್ಟ್‌ಗೆ ಕಡಿಮೆ ಇಲ್ಲದಂತೆ. ಬೆಲೆಯಲ್ಲಿ ನೂರು ರೂಪಾಯಿಯದ್ದೂ ಇದೆ, ಹತ್ತು ಸಾವಿರದ್ದೂ ಇದೆ. ಸೋರುವುದರಿಂದ ಸೋರದ್ದಕ್ಕೆ ಹೋದಾಗ ಸಿಗುವ ಬದಲಾವಣೆ ದೊಡ್ಡದು. ಅದರ ಮುಂದಿನದೆಲ್ಲ ತೀರಾ ಸಣ್ಣದು.

ಇದೇ ಸಮಯದಲ್ಲಿ ಹಳೇ ಕಾರ್ಬನ್ ರೆಸಿಸ್ಟರ್‌ಗಳನ್ನೂ ಅಳೆಯಿಸಿ. ವಾಲ್ವ್‌ನ ಪ್ಲೇಟ್‌ಗೆ (ಹೈ ವೋಲ್ಟೇಜ್ ಪಡೆಯುವ ಭಾಗಕ್ಕೆ) ಹೋಗುವ ರೆಸಿಸ್ಟರ್‌ಗಳು ಮತ್ತು ಆರ್‌ಐಎಎ ಜಾಲದವು ಮುಖ್ಯ. ಮೆಟಲ್ ಫಿಲ್ಮ್ ಹಾಕಿದರೆ ಹಿನ್ನೆಲೆಯ ಸೂಂ ಸದ್ದು ತಗ್ಗುತ್ತದೆ, ಎರಡು ಚಾನೆಲ್ ಒಂದಕ್ಕೊಂದು ಹೊಂದುತ್ತವೆ.

ಬಾಸ್ ಎಲ್ಲಿ ಹೋಯಿತು?

ಪಿಎಎಸ್-3 ಮೇಲೆ ಜಾಸ್ತಿ ಕೇಳಿಬರುವ ದೂರು ಬಾಸ್ ಇಲ್ಲ ಅನ್ನೋದು. ಯಂತ್ರ ಕೆಟ್ಟಿರಬೇಕಿಲ್ಲ. ಇದನ್ನು ಮಾಡಿದ್ದು ಡೈನಾಕೊದ ವಾಲ್ವ್ ಪವರ್ ಆಂಪ್‌ಗಳ ಜೊತೆಗೆ. ಅವುಗಳಲ್ಲೊಂದಾದ ಸ್ಟೀರಿಯೊ 70ರ ಇನ್‌ಪುಟ್ ತಡೆ 470 ಕಿಲೊ ಓಮ್. ಇವತ್ತಿನ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಅದು 47 ಕಿಲೊ ಓಮ್, ಕೆಲವದರಲ್ಲಿ ಬರೀ 10.

ಲೆಕ್ಕ ನೋಡಿ. ಔಟ್‌ಪುಟ್‌ನಲ್ಲಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆ ಎಂದುಕೊಳ್ಳಿ. ಎದುರಿಗೆ 470 ಕಿಲೊ ಓಮ್ ಇದ್ದರೆ ಬಾಸ್ ಕಡಿತ ಶುರುವಾಗುವುದು 3.4 ಹರ್ಟ್ಸ್‌ನಲ್ಲಿ, ಕಿವಿಗೆ ಗೊತ್ತೇ ಆಗದು. 47 ಕಿಲೊ ಓಮ್ ಆದರೆ 34 ಹರ್ಟ್ಸ್. 10 ಕಿಲೊ ಓಮ್ ಆದರೆ 159 ಹರ್ಟ್ಸ್. ಮೃದಂಗದ ಎಡಗೈ ಗುಮುಕಿ ಅಲ್ಲಿಗೆ ಮುಗಿಯಿತು. ಕೆಪಾಸಿಟರ್ ದೊಡ್ಡದು ಮಾಡಿದರೆ 47 ಕಿಲೊ ಓಮ್ ತನಕ ನಿಭಾಯಿಸಬಹುದು. 10ಕ್ಕೆ ಅದು ಸಾಲದು. 12ಎಎಕ್ಸ್7 ಹೆಚ್ಚು ಕರೆಂಟ್ ಕೊಡುವ ವಾಲ್ವ್ ಅಲ್ಲ, ಅಷ್ಟು ಕಡಿಮೆ ಓಮ್‌ನ ಎದುರು ದಣಿಯುತ್ತದೆ. ಆಗ ಬೇಕಾದ್ದು ಹೆಚ್ಚು ಕರೆಂಟ್ ಕೊಡಬಲ್ಲ ಒಂದು ಬಫರ್ ಸರ್ಕ್ಯೂಟ್, ಇಲ್ಲವೇ ಇನ್‌ಪುಟ್ ಓಮ್ ಜಾಸ್ತಿ ಇರುವ ಬೇರೆ ಪವರ್ ಆಂಪ್. ಕೇಬಲ್ ಕೂಡ ಗಿಡ್ಡ ಇರಲಿ. ಉದ್ದವಾದಷ್ಟೂ ಟ್ರೆಬಲ್ ಸೋರುತ್ತದೆ.

ಇದಕ್ಕೆ ಜೊತೆಯಾಗಿ ಇನ್ನೊಂದು ತೊಂದರೆ ಬರುತ್ತದೆ. ಸಿಡಿ ಪ್ಲೇಯರ್, ಡ್ಯಾಕ್‌ಗಳು (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆಗಳು) ಎರಡು ವೋಲ್ಟ್‌ನಷ್ಟು ಕೊಡುತ್ತವೆ. 1960ರ ಟ್ಯೂನರ್‌ಗಳು ಅಷ್ಟು ಕೊಡುತ್ತಿರಲಿಲ್ಲ. ಅದರಿಂದ ವಾಲ್ಯೂಮ್ ಗುಬಟು ಒಂದಿಷ್ಟು ತಿರುಗಿಸಿದರೂ ಕಿವಿ ಗಡಚಿಕ್ಕುತ್ತದೆ. ಹಳೇ ಪಾಟ್‌ಗಳಲ್ಲಿ ಆ ಶುರುವಿನ ಭಾಗದಲ್ಲೇ ಎಡ ಬಲ ಸಮ ಇರುವುದಿಲ್ಲ. ಇನ್‌ಪುಟ್‌ನಲ್ಲಿ ಎರಡು ರೆಸಿಸ್ಟರ್‌ಗಳ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಜೋಡಣೆ) ಹಾಕಿದರೆ ಮುಗಿಯಿತು. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸುಖ ಕೊಡುವ ಕೆಲಸ ಇದು.

ಟ್ರಾನ್ಸಿಸ್ಟರ್ ಆಂಪ್‌ಗೆ ಜೋಡಿಸುವ ಮೊದಲು ಪ್ರಿಆಂಪ್ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು, ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. ಜಾಸ್ತಿ ಇದ್ದರೆ ಔಟ್‌ಪುಟ್ ಕೆಪಾಸಿಟರ್ ಸೋರುತ್ತಿದೆ, ಸ್ಪೀಕರ್‌ಗೆ ಅಪಾಯ. ದಿನವೂ ಪ್ರಿಆಂಪ್ ಮೊದಲು ಆನ್, ಒಂದು ನಿಮಿಷದ ಮೇಲೆ ಪವರ್ ಆಂಪ್. ಆಫ್ ಮಾಡುವಾಗ ಪವರ್ ಆಂಪ್ ಮೊದಲು.

ಕೊನೆಗೆ ವಾಲ್ವ್

ಈಗ ವಾಲ್ವ್ ಬದಲಿಸಿದರೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತದೆ. ಮೊದಲ ಗಮನ ಫೋನೊದ ಮೊದಲ ವಾಲ್ವ್ ಮೇಲೆ. ಅದರ ಸೂಂ ಸದ್ದು ಹಾಡಿನ ಜೊತೆಯಲ್ಲೇ ನೂರಾರು ಪಟ್ಟು ದೊಡ್ಡದಾಗುತ್ತದೆ. ವಾಲ್ಯೂಮ್ ಏರಿಸಿ, ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪೀಕರ್‌ನಲ್ಲಿ ಟಿಣ್ ಎಂದು ಉಳಿದು ಮೊಳಗಿದರೆ ಅದನ್ನು ಲೈನ್ ಭಾಗಕ್ಕೆ ಸರಿಸಿ, ಅಲ್ಲಿಯ ಶಾಂತ ವಾಲ್ವನ್ನು ಇಲ್ಲಿಗೆ ತನ್ನಿ. ಒಂದು ಪೈಸೆ ಖರ್ಚಿಲ್ಲ. ಗಾಜಿನ ತುದಿಯ ಬೆಳ್ಳಿ ಬಣ್ಣ ಹಾಲಿನ ಬಿಳುಪಿಗೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಬಿಸಾಡಿ.

12ಎಟಿ7, 12ಎಯು7 ಇವೂ ಅದೇ ಸಾಕೆಟ್‌ಗೆ ಕೂರುತ್ತವೆ. ಹಾಗೆಂದು ಹಾಕಬೇಡಿ. 12ಎಎಕ್ಸ್7 ಸುಮಾರು 100 ಪಟ್ಟು ವರ್ಧಿಸಿದರೆ 12ಎಯು7 ಮಾಡುವುದು 20ರ ಒಳಗೆ. ಫೋನೊದಲ್ಲಿ ಆರ್‌ಐಎಎ ಕರ್ವೇ ಕೆಡುತ್ತದೆ.

ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನು ಮಾಡಲು ಶುರು ಮಾಡಿತ್ತು. ಆ ಮೊಹರಿನ ವಾಲ್ವ್‌ಗಳು ಹಳೇ ರಿಪೇರಿ ಅಂಗಡಿಗಳ ಡ್ರಾಯರ್‌ಗಳಲ್ಲಿ ಈಗಲೂ ಸಿಗುತ್ತವೆ, ಕೇಳಿ ನೋಡಿ. ಹಳೇ ಟೆಲಿಫಂಕನ್ ಎಂದು ಯಾರಾದರೂ ಮಾರಿದರೆ ಗಾಜಿನ ಕೆಳಗೆ ಪಿನ್‌ಗಳ ನಡುವೆ ಉಬ್ಬಿದ ವಜ್ರದ ಗುರುತು ಇದೆಯೇ ನೋಡಿ. ಬದಿಯ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಟುಂಗ್-ಸೋಲ್, ಮುಲ್ಲಾರ್ಡ್ ಹೆಸರಿನ ಹೊಸ ವಾಲ್ವ್‌ಗಳು ಈಗ ರಷ್ಯಾದಲ್ಲಿ ತಯಾರಾಗುತ್ತವೆ, ಅವು ಬೇರೆಯೇ ವಾಲ್ವ್‌ಗಳು. ಸ್ಲೊವಾಕಿಯಾದ ಜೆಜೆ ಕಂಪನಿಯದ್ದೂ ಸುಲಭವಾಗಿ ಸಿಗುತ್ತದೆ. ಲೈನ್ ಭಾಗಕ್ಕೆ ಬರುವ ಸಿಗ್ನಲ್ ಆಗಲೇ ದೊಡ್ಡದಾಗಿರುವುದರಿಂದ ಅಲ್ಲಿ ಬ್ರ್ಯಾಂಡ್ ವ್ಯತ್ಯಾಸ ಕಡಿಮೆ, ಹೊಸವೇ ಸಾಕು. ಹಳೇ ದುಬಾರಿ ಜೋಡಿ ಸಿಕ್ಕರೆ ಅದು ಕೂರಬೇಕಾದ್ದು ಫೋನೊ ಬೋರ್ಡ್‌ನಲ್ಲಿ.